ನಿಂಬೆ ಹಿಂಡಿದ ನೀರು

ಆಂಡಿಸ್ ಬೆಟ್ಟದ ಗಣಿಯೂರಿನ ಆಸ್ಪತ್ರೆಯಲ್ಲಿ ಮುದುಕಿ ಸಾತುರ್ನಿನಾ ದಣಿವಾರಿಸುವ ಕೋಕಾ ಎಲೆ ಜಗಿಯುತ್ತ ತನ್ನ ಸರದಿಗೆ ಕಾಯುತ್ತ ಕೂತಿದ್ದಳು. ಪಕ್ಕದಲ್ಲಿ ಗಣಿಯ ಕೊಳೆನೀರು ಶುದ್ಧಮಾಡುವ ಕಾರ್ಖಾನೆಯಲ್ಲಿ ಕೆಲಸಮಾಡುವ ರುಫಿನೊ, ಅವನ ಹೆಂಡತಿ ದೆಲಿಯಾ. ಇಬ್ಬರೂ ತಮ್ಮ ಮಗಳ ರಕ್ತದಲ್ಲಿ ಸೀಸ ಎಷ್ಟು ಸೇರಿದೆಯೆಂದು ಕೇಳಲು ಬಂದಿದ್ದರು. ಮಗು ಮನೆಯಿಂದ ಬಾಟಲಿಯಲ್ಲಿ ತಂದಿದ್ದ ನೀರು ಕುಡಿಯುತ್ತಿತ್ತು.

“ಹೆದರ್ಬೇಡ ಕಣೇ,” ಎಂದ ರುಫಿನೊ ಹೆಂಡತಿಗೆ. “ಸೀಸ ಹಿಡಿಯೋ ರೆಸಿನ್ ಮಣೀನ ಕಾರ್ಖಾನೆಯಿಂದ ತಂದು ಗಂಟು ಕಟ್ಟಿ ನಮ್ಮ ಕುಡಿಯೋ ನೀರಿನ ಕೊಡದೊಳಗೇ ಬಿಟ್ಟಿದೀನಲ್ಲ.”

“ಹೂಂ, ಕಾರ್ಖಾನೇನೇ ಮನೆಗೆ ತಂದ ಧಣಿ ನೀವು! ಆದ್ರೆ ಇವಳು ಬರೀ ನೀರು ಮುಟ್ಟಲ್ಲ. ಅದಕ್ಕೇ ನಿಂಬೆಹಣ್ಣು ಹಿಂಡ್ತೀನಿ.”

“ಲೋಟಕ್ಕೆ ತಾನೆ?”

“ಕೊಡಕ್ಕೇ. ದಿನಾ ಬೆಳಿಗ್ಗೆ.”

ರುಫಿನೊ ಮಗುವಿನ ಕೈಯಿಂದ ಬಾಟಲಿ ಕಿತ್ತುಕೊಂಡ. ಮಗು ಅಳತೊಡಗಿತು.

“ಏನ್ರೀ ಇದು?”

“ಮಣೀಲಿ ಸೀಸ ತುಂಬಿದ್ಮೇಲೆ ಕಾರ್ಖಾನೇಲಿ ನಾವು ಆಸಿಡ್ ಹಾಕಿ ತೊಳೀತೀವಿ, ದೆಲಿಯಾ. ಹುಳಿ ಬಿತ್ತು ಅಂದ್ರೆ ಅವು ಹಿಡಿದಿದ್ದ ಸೀಸಾನೆಲ್ಲ ನೀರಿಗೇ ಕಕ್ಕಿಬಿಡ್ತವೆ.”

“ನೀವು ನಂಗೆ ಹೇಳ್ಲೇ ಇಲ್ವಲ್ರೀ.”

“ಇಲ್ಲ. ಹೇಳ್ಲಿಲ್ಲ.”

ಒಳಗಿಂದ ನರ್ಸ್ ಮಗುವಿನ ಹೆಸರು ಕೂಗಿದಳು. ದೆಲಿಯಾ ಮಗುವನ್ನು ಎದೆಗವಚಿಕೊಂಡು ಕೂತೇ ಇದ್ದಳು.

“ಕೊಡು, ನಾನು ಎತ್ಕೋತೀನಿ.”

“ಬಾಟ್ಲೀನೂ ತಗೊಂಡು ಬನ್ನಿ. ಡಾಕ್ಟರಿಗೆ ತೋರಿಸ್ಬೇಕು.”

ಕೊನೆಗೆ ಅವನ ತೋಳು ಹಿಡಿದು ಅವಳೂ ಎದ್ದಳು. ಅವರ ಹಿಂದೆ ಬಾಗಿಲು ಮುಚ್ಚುವವರೆಗೂ ಸಾತುರ್ನಿನಾ ಬಾಯಲ್ಲಿದ್ದ ಎಲೆ ಜಗಿಯಲಿಲ್ಲ.