ಹಾಡಿನ ಡಬ್ಬಿಗೆ ಹಸಿರು ಚೀಟಿ

ಆ ಗುಂಡಿ ಒತ್ತಬೇಡಪ್ಪ, ಅದು ಸ್ವಲ್ಪ ಸಡಿಲ. ಸುಮ್ನೆ ಹಸಿರು ಚೀಟಿ ಅಂಟಿಸಿ ಕೊಡು, ವಾಪಸ್ ನನ್ನ ಮೇಜಿಗೆ ಹೋಗ್ತೀನಿ. ವರ್ಷಾ ವರ್ಷಾ ಇದೇ ಕಥೆ ಅಲ್ವಾ... ನಾವು ಹಾಡಿನ ಡಬ್ಬಿ ಹಿಡ್ಕೊಂಡು ಈ ಬಾಗಿಲಿಗೆ ಬರೋದು, ಸೆಕ್ಯೂರಿಟಿಯವರು ತಪಾಸಣೆ ಆಯ್ತು ಅಂತ ಚೀಟಿ ಅಂಟಿಸೋದು. ನೀನು ಹೊಸಬ, ಅದಕ್ಕೇ ಇಷ್ಟು ಶ್ರದ್ಧೆ. ನಿನಗಿಂತ ಮುಂಚೆ ಮೀಸೆಯಣ್ಣ ಇದ್ದ ನೋಡು, ಡಬ್ಬಿ ಕಡೆ ಕಣ್ಣೂ ಹಾಯಿಸ್ತಿರಲಿಲ್ಲ. ಹಳೇ ಚೀಟಿ ಮೇಲೆ ಹೊಸ ಚೀಟಿ, ಹೋಗಿ ಅಕ್ಕಾ ಅಂತಿದ್ದ.

ಯಾಕೆ ನಗ್ತೀಯ? ಇದು ಯಾವ ಕಾಲದ್ದು ಅಂತಾನಾ? ನಗು ನಗು. ಮೊಬೈಲನ್ನ ಗೇಟಲ್ಲೇ ಇಸ್ಕೊಂಡು ಬೀಗ ಹಾಕೋರು ನೀವೇ. ರೇಡಿಯೋ ಬೇಡ, ರೆಕಾರ್ಡ್ ಮಾಡೋದು ಬೇಡ, ಗಾಳೀಲಿ ಏನೂ ಕಳಿಸೋ ಹಾಗಿಲ್ಲ... ಉಳಿದಿದ್ದು ಈ ಮುದುಕಪ್ಪ ಡಬ್ಬಿ. ಹಾಡೋದು ಬಿಟ್ಟು ಬೇರೇನೂ ಬರಲ್ಲ ಪಾಪ.

ಒಳಗೆ ನೋಡಿದ್ದೀಯಲ್ಲ, ಒಂದು ಕಿಟಕೀನೂ ಇಲ್ಲ. ನಕ್ಷೆ ಮೇಲೆ ಬಗ್ಗಿ ಗೆರೆಗೆ ಗೆರೆ ತಾಳೆ ನೋಡೋ ಕೆಲಸ. ನನ್ನ ನಕ್ಷೆ ಪಕ್ಕದವಳು ನೋಡೋ ಹಾಗಿಲ್ಲ, ಕೆಲಸದ ಮಾತು ಆಡೋ ಹಾಗಿಲ್ಲ. ಗೋಡೆಗೂ ಕಿವಿ ಇರತ್ತೆ ಅಂತಾರೆ... ನಮ್ಮ ಗೋಡೆಗೆ ಕಿವಿ ಇದ್ರೂ ಪಾಪ ಏನು ಕೇಳಿಸ್ಕೊಳತ್ತೆ? ಅದಕ್ಕೇ ಎಲ್ಲರ ಕಿವೀಲೂ ಇಯರ್‌ಫೋನ್ ತಂತಿ. ನಾನಂತೂ ದಿನವಿಡೀ ಕೇಳ್ತೀನಿ. ಬೆಳಿಗ್ಗೆ ನಿಧಾನದ ಹಾಡು, ಊಟ ಆದ್ಮೇಲೆ ತೂಕಡಿಕೆ ಬರದ ಹಾಗೆ ಕುಣಿಯೋ ಹಾಡು. ಮುಳುಗಿ ಹೋಗಿರ್ತೀನಾ, ಟೀಗೆ ಹೋಗುವಾಗ ಯಾರೂ ನನ್ನ ಕರಿಯಲ್ಲ. ತೊಂದರೆ ಕೊಡೋದು ಬೇಡ ಅಂತ, ಒಳ್ಳೇ ಜನ.

ಏಯ್... ಕಿವಿಗೆ ಇಟ್ಕೊಂಡೇ ಬಿಟ್ಯಾ?

ಸಣ್ಣಗಿಟ್ಟಿದ್ದೀನಿ, ಅದಕ್ಕೇ ಕೇಳಿಸ್ತಿಲ್ಲ. ಇಲ್ಲಪ್ಪ, ಶುರುವಾಗೋಕೆ ಸ್ವಲ್ಪ ಹೊತ್ತು ಬೇಕು ಇದಕ್ಕೆ... ವಯಸ್ಸಾಯ್ತಲ್ಲ. ತಾಳು, ಈಗ ಬರತ್ತೆ. ಈಗ... ಹಿಂದಿನ ಮುಚ್ಚಳ ಯಾಕೆ ತೆಗೀತೀಯ? ಬೇಡ, ಅದು ಮುರಿಯತ್ತೆ...

ತೆಗೆದೇ ಬಿಟ್ಯಾ.

ಹೌದು. ತುಕ್ಕು. ಸೆಲ್ಲೂ ಇಲ್ಲ.

ಕೆಟ್ಟು ಎಷ್ಟೋ ಕಾಲ ಆಯ್ತು. ರಿಪೇರಿ ಮಾಡಿಸೋಣ ಅಂದ್ರೆ, ಈ ಬಾಗಿಲು ದಾಟಿ ಒಳಗೆ ಹೋದ ಸಾಮಾನು ಮತ್ತೆ ಹೊರಗೆ ಬರೋ ಹಾಗಿಲ್ಲ. ಹೊಸದಕ್ಕೆ ಪರ್ಮಿಷನ್ ಇಲ್ಲ. ಕೆಟ್ಟಿದೆ ಅಂತ ಬಾಯಿಬಿಟ್ರೆ ಯಂತ್ರಕ್ಕೆ ಹಾಕಿ ಪುಡಿ ಮಾಡ್ತೀರ. ಮಾಡಿದ್ರೆ ಮಾಡ್ಲಿ, ಹಾಡಿಲ್ದೆ ಬದುಕೋಕಾಗಲ್ವಾ ಅಂತ ನಾನೂ ಒಂದ್ಸಲ ಇದನ್ನ ಡ್ರಾಯರಿಗೆ ತಳ್ಳಿದ್ದೆ. ಕಿವಿ ಖಾಲಿ ಬಿಟ್ಕೊಂಡು ಕೂತೆ. ಈಗ ಯಾರಾದ್ರೂ ಕರೀತಾರೆ, ಬಾರೇ ಟೀ ಕುಡಿಯೋಣ ಅಂತಾರೆ ಅಂತ... ಒಂದು ವಾರ ಕೂತೆ ಕಣಪ್ಪ. ಕಂಬ ಬಳಸಿ ಹೋಗೋ ಹಾಗೆ ನನ್ನ ಮೇಜು ಬಳಸಿಕೊಂಡು ಹೋದ್ರು ಎಲ್ಲರೂ.

ಮನೇಲೂ ಬಂದ್ಯಾ, ಉಂಡ್ಯಾ ಅನ್ನೋರು ಯಾರೂ ಇಲ್ಲ. ಅದು ರೂಢಿ ಆಗಿದೆ, ಬಿಡು. ಆದ್ರೆ ಅಷ್ಟು ಜನದ ಮಧ್ಯ ಕೂತು... ಅದು ನನ್ನ ಕೈಲಿ ಆಗ್ಲಿಲ್ಲ. ಮತ್ತೆ ತಂತಿ ಸಿಗಿಸ್ಕೊಂಡೆ. ತಂತಿ ಇದ್ರೆ, ಅದಕ್ಕೇ ಯಾರೂ ಮಾತಾಡಿಸ್ತಿಲ್ಲ ಅಂತ ಅಂದ್ಕೋಬಹುದು ನೋಡು.

ಹಾಗೆ ನೋಡಬೇಡ ನನ್ನ. ಬೈಯಿ ಬೇಕಾದ್ರೆ.

ಮೆಲ್ಲಗೆ... ಹಿಂದೆ ಯಾರೋ ಬಂದ್ರು. ನಮ್ಮ ಸೆಕ್ಷನ್ನಿನವರೇ, ಅವರ ಡಬ್ಬಿ ಹಿಡ್ಕೊಂಡು ಬಂದಿದ್ದಾರೆ. ಮುಚ್ಚಳ ಹಾಕಪ್ಪ, ನಿನ್ನ ದಮ್ಮಯ್ಯ. ಪುಡಿ ಮಾಡೋದಿದ್ರೆ ಆಮೇಲೆ ಮಾಡು, ಇವರೆದುರಿಗೆ ಬೇಡ.

ಏನು ಮಾಡ್ತಿದೀಯ... ಮತ್ತೆ ಯಾಕೆ ಕಿವಿಗೆ ಇಟ್ಕೊಂಡೆ? ಗೊತ್ತಾಯ್ತಲ್ಲ, ಏನೂ ಇಲ್ಲ ಅಂತ.

ತಲೆ ಯಾಕಪ್ಪ ತೂಗ್ತಿದೀಯ?

...

ಹೂಂ. ಹೂಂ ಕಣಪ್ಪ. ನಂಗೂ ಆ ಹಾಡು ತುಂಬ ಇಷ್ಟ.