ಬಾವಿಯಲ್ಲಿಟ್ಟ ನಾಗರಕಲ್ಲು

ಮೊದಲೇ ಕ್ಷಮೆ ಕೇಳುತ್ತೇನೆ, ನನಗೆ ಕತೆ ಬರೆದು ಅಭ್ಯಾಸವಿಲ್ಲ. ಭಯ ಹುಟ್ಟಬೇಕಾದ ಕಡೆ ವಿವರಿಸುತ್ತಾ ಕೂತುಬಿಡುತ್ತೇನೆ. ಆದರೆ ಇದು ನಡೆದದ್ದು. ನಮ್ಮ ಚಿಕ್ಕಪ್ಪನ ಮಗ ಲೋಹಿತ್‌ಗೆ, ಹೋದ ತಿಂಗಳು, ಸೋಮವಾರಪೇಟೆ ಹತ್ತಿರ ನಮ್ಮದೇ ಕಾಫಿ ತೋಟದಲ್ಲಿ.

ಲೋಹಿತ್ ದೇವರ ವಿಗ್ರಹ ಕೆತ್ತುವವನು. ಅವನ ಹೆಂಡತಿ ಯಮುನಾಗೆ ಎರಡು ಸಲ ಗರ್ಭ ನಿಲ್ಲಲಿಲ್ಲ. ಮೂರನೆಯದಾದರೂ ಉಳಿಯಲಿ ಎಂದು ನಾಗರಕಲ್ಲಿನ ಹರಕೆ ಹೊತ್ತರು. ಹೆಣೆದುಕೊಂಡ ಎರಡು ಹಾವು ಎಂದರೆ ಗಂಡ ಹೆಂಡತಿ. ನಡುವೆ ಸಾಮಾನ್ಯವಾಗಿ ಲಿಂಗ ಇರುತ್ತದೆ. ಇವನು ಆಸೆಯಿಂದ ಮರಿಹಾವು ಕೆತ್ತಿದ. ಕೆತ್ತಿದ ಕಲ್ಲು ನಲವತ್ತೆಂಟು ದಿನ ಬಾವಿಯ ನೀರಿನಲ್ಲಿರಬೇಕು, ಆಮೇಲೆ ಅರಳಿಕಟ್ಟೆಯಲ್ಲಿ ಪ್ರತಿಷ್ಠೆ. ಅದೇ ಪದ್ಧತಿ.

ನಲವತ್ತನೆಯ ದಿನ... ಕುಶಾಲನಗರದ ಕೊನೆ ಬಸ್ಸಿಳಿದು ನಾನು, ಲೋಹಿತ್ ಇಬ್ಬರೂ ನಡೆದು ಬರುತ್ತಿದ್ದೆವು. ಬಾವಿ ದಾಟುವಾಗ ಕೇಳಿಸಿತು. ಟಿಕ್... ಟಿಕ್... ಟಿಕ್. ಆಮೇಲೆ ಸರ್ ಸರ್ ಎಂದು ಕಲ್ಲು ಉಜ್ಜುವ ಸದ್ದು. ನೀರಿನ ಕೆಳಗಿಂದ.

"ಅಣ್ಣಾ... ಕೇಳಿಸ್ತಾ?"

"ಕಪ್ಪೆ ಕಣೋ, ನಡಿ."

"ಕಪ್ಪೆ ಉಳಿ ಹಿಡಿಯುತ್ತಾ?"

ನಾನು ನಕ್ಕೆ. ಅವನು ನಗಲಿಲ್ಲ. ನನ್ನ ತೋಳು ಹಿಡಿದು ಪಿಸುಗುಟ್ಟಿದ. "ಆ ಕಲ್ಲೇ ಸರಿಯಿಲ್ಲ ಅಣ್ಣ. ತಟ್ಟಿದ್ರೆ ದಪ್ ಅನ್ನುತ್ತೆ, ಅಷ್ಟೇ."

ಇದನ್ನು ಬಿಡಿಸಿ ಹೇಳಲೇಬೇಕು. ಶಿಲ್ಪಿಗಳು ಮೊದಲು ಕಲ್ಲು ತಟ್ಟಿ ಕೇಳುತ್ತಾರೆ. ಗಂಟೆಯಂತೆ ನುಡಿದರೆ ಗಂಡು ಶಿಲೆ, ಕಂಚಿನ ತಾಳದಂತೆ ನುಡಿದರೆ ಹೆಣ್ಣು ಶಿಲೆ. ನುಡಿಯದಿದ್ದರೆ ನಪುಂಸಕ ಶಿಲೆ. ಅದನ್ನು ತಳಪಾಯಕ್ಕೆ ಹಾಕಬಹುದು, ಮೂರ್ತಿ ಮಾತ್ರ ಕೆತ್ತಬಾರದು.

"ಗೊತ್ತಿದ್ದೂ ಕೆತ್ತಿದ್ಯಾ?"

"ಬೇರೆ ಕಲ್ಲು ಬರೋಕೆ ಎರಡು ತಿಂಗಳು ಅಂದ್ರು. ಅವಳಿಗೆ ಆಗ್ಲೇ ಆರು ತುಂಬಿತ್ತು... ಯಮುನಾಗೆ ಹೇಳ್ಬೇಡ."

ನಾನು ಹೇಳಲಿಲ್ಲ.

ನಲವತ್ತೆಂಟನೆಯ ದಿನ ಬೆಳಿಗ್ಗೆ ನಾಲ್ಕು ಜನ ಸೇರಿ ಹಗ್ಗ ಎಳೆದೆವು. ಕಲ್ಲು ಮೇಲೆ ಬಂತು. ಎರಡು ಹಾವೂ ಇದ್ದವು. ಮರಿ ಇರಲಿಲ್ಲ... ಮುರಿದಿದ್ದರೆ ಚಕ್ಕೆ ಎದ್ದಿರಬೇಕಲ್ಲವೇ? ಎದ್ದಿರಲಿಲ್ಲ. ಆ ಜಾಗದಲ್ಲಿ ದೊಡ್ಡ ಹಾವುಗಳ ಮೈಯೇ ಮುಂದುವರಿದಿತ್ತು, ಹುರುಪೆ ಹುರುಪೆಯಾಗಿ, ನುಣ್ಣಗೆ. ಲೋಹಿತ್ ಅದರ ಮೇಲೆ ಬೆರಳಾಡಿಸಿದ.

"ಇದು ನನ್ನ ಕೈಯೇ ಅಣ್ಣ. ನಾನೇ ಹಿಂಗೆ ಉಳಿ ಓರೆ ಹಿಡಿಯೋದು."

ಅವತ್ತು ಸಂಜೆ ಯಮುನಾಗೆ ನೋವು ಶುರುವಾಯಿತು. ಆಸ್ಪತ್ರೆ ತಲುಪುವ ಮೊದಲೇ ಹೊಟ್ಟೆಯೊಳಗೆ ಅಲುಗಾಟ ನಿಂತಿತ್ತು.

ನೀವು ನಂಬಲಿಕ್ಕಿಲ್ಲ. ಆದರೆ ಹಗ್ಗ ನನ್ನ ಕೈಲೂ ಇತ್ತು, ನಾನೂ ಮುಟ್ಟಿ ನೋಡಿದ್ದೇನೆ. ಯಾರೋ ಇಳಿದು ಕೆತ್ತಿ ತೆಗೆದರು ಎನ್ನೋಣವೆಂದರೆ, ಉಬ್ಬಿದ ಮರಿಯನ್ನು ತೆಗೆದ ಜಾಗ ತಗ್ಗಾಗಬೇಕು. ಇಲ್ಲಿ ತಗ್ಗೇ ಇಲ್ಲ. ಅಂದರೆ ಕಲ್ಲು ಅಷ್ಟು ಬೆಳೆದು...

ಇರಿ, ಒಳಗಿಂದ ಯಮುನಾ ಕರೆಯುತ್ತಿದ್ದಾಳೆ.

"ಭಾವಾ, ಒಂಚೂರು ಬನ್ನಿ. ತೊಟ್ಟಿಲು ಅಟ್ಟಕ್ಕೆ ಎತ್ತಿಡ್ಬೇಕು. ಇವರು ಮುಟ್ಟಲ್ಲ ಅಂತಾರೆ."