ಎಲಬು ಹಾಕಿದವರ ನಾಯಿ

…ಅಲ್ಲ ಆಪಾ, ಇಷ್ಟ ವರ್ಷ ಒಂದ ಗ್ವಾಡಿ ಆಚೆ-ಈಚೆ ಬಾಳೇ ಮಾಡಿ, ಕಡೀಕ ನನ್ನ ಮ್ಯಾಲ ಪೊಲೀಸ್ ಕಂಪ್ಲೇಂಟ್ ಕೊಟ್ಟಿಯಲ್ಲ! ಈ ಸುವರ್ಣಾನ ಮ್ಯಾಲ! ಜಲನಗರದಾಗ ಯಾರನ್ನರ ಕೇಳು, ಮಕ್ತುಮಬಿ, ಸುವರ್ಣಾ ಅಂದ್ರ ಅಕ್ಕ-ತಂಗಿ ಅಂತಿದ್ರು. ಏಳಬ್ಯಾಡ, ಕೂಡು ನೀ. ನಾ ಚಾ ಕುಡಿಯಾಕ ಬಂದಿಲ್ಲ.

ನಿಮ್ಮನಿಯವರು, ಭಾಯಿ, ಹ್ಯಾಂಗ ಅದಾರ? ಒಳಗ ಮಲಗ್ಯಾರ? ಮಲಗಲಿ, ಎಬ್ಬಸಬ್ಯಾಡ. ಬೆರಳು ಮಡಚಾಕ ಬರತಾವ? … ಇನ್ನೂ ಇಲ್ಲಾ? ಯವ್ವಾ… ಕತ್ತರಿ ಹಿಡಿಯೋ ಕೈ ಅದು! ನನಗ ಸಂಕಟ ಆಗೂದಿಲ್ಲೇನ? ನನ್ನ ಜಂಪರೆಲ್ಲಾ ಆ ಕೈ ಹೊಲದದ್ದು. ನಮ್ಮ ನಾಯಿ ಶೇರೂ ಕಚ್ಚಿದ್ದು ಖರೇ. ನಾ ಎಲ್ಲಿ ಇಲ್ಲ ಅಂದೆ? ಆದ್ರ ನೀ ನನಗ ಬೈಬೇಕಾಗಿತ್ತು. ಗ್ವಾಡಿ ಕಡೆ ನಿಂತು ಓಣಿಗೆಲ್ಲಾ ಕೇಳುವಂಗ ಒದರಬೇಕಾಗಿತ್ತು. ಸುಮ್ನ ಹೋಗಿ ಠಾಣ್ಯಾಗ ಸಹಿ ಹಾಕಿ ಬರೂದೇನ?

ಮತ್ತ ಭಾಯಿನೂ ನೋಡು, ಸಪ್ಪಳ ಮಾಡದ ಒಳಗ ಬಂದ್ರು. ಗೇಟಿನ ಚಿಲಕಾ ಹಾಕಿತ್ತು… ಹಂಗ್ಯಾಕ ನೋಡತಿ? ಹಾಕಿತ್ತು ಅಂದ್ರ… ಪೂರ್ತಿ ಬಿದ್ದಿರಲಿಲ್ಲ. ಹೌದವ್ವಾ ಹೌದು, ನಾನಽ ಕರದಿದ್ದೆ! ಅಥಣಿ ರಸ್ತೇದ ಕಲ್ಯಾಣ ಮಂಟಪದಾಗ ಮದವಿ ಐತಿ, ಜಂಪರ್ ಒಂದ ತಂದ ಕೊಟ್ಟಬಿಡ್ರಿ ಅಂತ ಫೋನ್ ಮಾಡಿದ್ದೆ. ನಾಯಿ ಕಟ್ಟೂದು ಮರತೆ. ಸೀರಿ ನಿರಗಿ ಹಿಡಿಯೂ ಗಡಿಬಿಡ್ಯಾಗ ಮರತೆ! ಮರೆಯೂದೂ ಗುನ್ನೇನ? ನಮ್ಮ ಮೈದುನ ಹೇಮಂತ, ವಕೀಲ, ಅಂವಾ ಹೂಂ ಅಂತಾನ. ಸಾಕಿದ ಪ್ರಾಣೀನ್ನ ಕಟ್ಟದ ಬಿಟ್ರ, ಅದು ಮಾಡಿದ್ದಕ್ಕ ಸಾಕಿದವರಽ ಜವಾಬ್ದಾರರು ವೈನೀ, ಕೋರ್ಟಿಗೆ ಅಡ್ಡಾಡಬೇಕಾಗತೈತಿ ಅಂತಾನ. ನಂದು ಸರಕಾರಿ ಸಾಲಿ ನೌಕರಿ ಆಪಾ. ಕೇಸ್ ಬಿದ್ರ ನನ್ನ ಗತಿ ಏನ?

ಅದು ಕಚ್ಚಬೇಕಂತ ಕಚ್ಚಿಲ್ಲ. ನಿನಗೂ ಗೊತ್ತೈತಿ. ಭಾಯಿ ಕೈಯಾಗ ಜಂಪರಿನ ಚೀಲ ಇತ್ತು. ಶುಕ್ರವಾರ ಬಂತಂದ್ರ ನೀ ಗ್ವಾಡಿ ಮ್ಯಾಲಿಂದ ಅಂಥಾದ ಚೀಲಾನಽ ತೋರಿಸಿ, ಶೇರೂ ಬಾ ಬಾ ಅಂತ ಎಲಬು ಹಾಕತಿದ್ದಿ. ಇದೂ ಎಲಬಂತ ತಿಳಕೊಂಡು ಹಾರೇತಿ. ಭಾಯಿ ಅಂಜಿ ಚೀಲಾ ಮ್ಯಾಲೆತ್ಯಾರ, ಅದಕ್ಕ ಕೈ ಸಿಕ್ಕೈತಿ.

ನಗತೀಯೇನ? ಇಂಥಾ ಹೊತ್ತಿನ್ಯಾಗ ಯಾಕ ನಗತಿ ಬೇ? … ಹಾಂ, ಆ ಎಲಬಿನ ಕತಿ ನೆನಪಾತು. ನಮ್ಮ ಮನ್ಯಾಗ ತತ್ತಿ ಸೈತ ನಡಿಯೂದಿಲ್ಲ. ನಮ್ಮತ್ತಿ ರಾಧಾಬಾಯಿಗೆ ಗೊತ್ತಾದ್ರ ನಾಯೀನೂ ನನ್ನೂ ಕೂಡೇ ಹೊರಗ ಹಾಕತಿದ್ರು. ನಾ ಹಿತ್ತಲ ಕದಾ ಹಾಕಿ, ಈ ಕಡೆ ಮಾರಿ ಮಾಡಿ ನಿಂದರತಿದ್ದೆ, ನೀ ಆ ಕಡಿಂದ ಒಗೀತಿದ್ದಿ. ಹಾಲು-ರೊಟ್ಟಿ ತಿಂದು ಬಡಕಲಾಗಿದ್ದ ಮರಿ ನಿನ್ನ ಕೈಯಾಗ ಮೈ ಹಿಡೀತು. ಅಷ್ಟ ಜೀವ ಇತ್ತಲ್ಲ ಆಪಾ ನಮಗ! ಹಂತಾಕಿ ನೀ ಹಿಂಗ ಮಾಡಬಹುದೇನ?

ಹೋಗಲಿ. ಒಂದಽ ಒಂದ ಮಾತು ಹೇಳಿಬಿಡು ಠಾಣೆ ಸಾಹೇಬರ ಮುಂದ. ಅದು ಓಣಿ ನಾಯಿ, ಎಲ್ಲಾರೂ ಕೂಳು ಹಾಕತಿದ್ವಿ ಅಂತ. ನಿನಗೇನ ಕಳಕೊಳ್ಳೂದೈತಿ ಅದರಾಗ?

…ನಾಯಿ? ನಾಯಿ ಈಗ ತಿಕೋಟಾದಾಗ ಐತಿ. ನಮ್ಮ ತಮ್ಮ ರಾಹುಲನ ದ್ರಾಕ್ಷಿ ತ್ವಾಟದಾಗ. ಮರುದಿನ ನಮ್ಮನಿಯವರು ಬಿಟ್ಟ ಬಂದ್ರು. ಓಣಿ ನಾಯಿ ಆದ್ರ ಯಾಕ ಒಯ್ದ್ರಿ ಅಂತೀಯೇನ? … ಏನರ ಅನ್ನು!

ಹೇಮಂತ ಹೇಳಿದ ಅಂತ ಅದರ ಕೊಳ್ಳಾಗಿನ ಪಟ್ಟಾ ಬಿಚ್ಚಿದ್ವಿ. ಗೇಟಿನ ಮ್ಯಾಲಿನ ‘ನಾಯಿ ಇದೆ’ ಬೋರ್ಡ್ ಕಿತ್ತಿದ್ವಿ. ಆಸ್ಪತ್ರಿಯವರು ಸುದ್ದಿ ಕಳಿಸಿದ್ದಕ್ಕ ಠಾಣೆಯವರು ಕರಸಿದ್ರಲ್ಲ, ಅಲ್ಲಿ ನಾ ಹೇಳಿದ್ದೂ ಇಷ್ಟಽ… ನಾಯಿ ನಮ್ಮದಲ್ಲ ಅಂತ. ಇಷ್ಟಽ ಆಪಾ, ನಿನ್ನಾಣಿ…

…ಇಷ್ಟಽ ಅಲ್ಲ. ಸಾಹೇಬ್ರು ಬಿಡಲಿಲ್ಲ. ಹಂಗಾದ್ರ ಸಾಕಿದವರು ಯಾರು ಬಾಯಿ, ಅಂತ ಕೇಳಿದ್ರು. ಬಾಜೂ ಮನಿ ಮಕ್ತುಮಬಿ ಎಲಬು ಹಾಕತಾಳ, ಎಲಬು ಹಾಕಿದವರದಽ ನಾಯಿ, ಅವರ ನಾಯಿ ಅವರಿಗೇ ಕಚ್ಚೇತಿ ಅಂದೆ. ಅಂದುಬಿಟ್ಟೆ. ಬಾಯಿಗೆ ಬಂದದ್ದು ಅಂದುಬಿಟ್ಟೆ.

ನಿನಗ ಇದು ಮೊದಲಽ ಗೊತ್ತಿತ್ತೇನ? … ಯಾರ ಹೇಳಿದ್ರು? ರೂಮಿನ್ಯಾಗ ನಾ, ಸಾಹೇಬ್ರು, ಇಬ್ಬರಽ ಇದ್ದಿವಿ. ಕದಾ… ಕದಾ ತೆರದಿತ್ತು. ಹೊರಗ ಬಾಕಿನ ಮ್ಯಾಲ ಯಾರೋ ಕುಂತಿದ್ರು. ಕೈಗೆ ಬಿಳೇ ಪಟ್ಟಿ. ನಾ ತಲಿ ತಗ್ಗಿಸಿ ಬಂದುಬಿಟ್ಟೆ, ಮಾರಿ ನೋಡಲಿಲ್ಲ.

ಆಪಾ… ಭಾಯಿ ಇದ್ರೇನ ಅವರು?

ಅವತ್ತ ನೀವಿನ್ನೂ ಕಂಪ್ಲೇಂಟ್ ಕೊಟ್ಟಿರಲಿಲ್ಲ. ಮತ್ತ ಆ ಕೈ ಹಿಡಕೊಂಡು ಯಾಕ ಬಂದಿದ್ರು ಭಾಯಿ ಅಲ್ಲಿಗೆ? ಏನ ಹೇಳಾಕ ಬಂದಿದ್ರು? … ಕೇಸ್ ಬ್ಯಾಡ ಅಂತೇನ? ಸುವರ್ಣಾಂದು ತಪ್ಪಿಲ್ಲ, ಬಿಟ್ಟಬಿಡ್ರಿ ಅಂತ ಹೇಳಾಕೇನ?

ಅಲ್ಲ ಅನ್ನು ಆಪಾ.

…ಕಣ್ಣ ವರಸಿಕೋಬ್ಯಾಡ. ಬೈ ನನಗ. ಒಂದ ಮಾತರ ಬೈ.